ಟೈಟಾನಿಯಮ್ ಮೇಲೆ ಭಂಡಾರ

ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ, ಪಾಪ, ಇವಳಿಗೆ ಒಳಗೊಳಗೇ ಅವನ ಮೇಲೆ ಗೌರವವಿತ್ತು ಎಂದುಕೊಂಡರೆ ಅದು ಸುಳ್ಳು. ಇರಲಿಲ್ಲ. ಅವನಿಗೂ ನನ್ನ ಮೇಲೆ ಇರಲಿಲ್ಲ. ಆರು ವರ್ಷ ಒಂದೇ ಶೆಡ್ಡಿನಲ್ಲಿ ಒಂದೇ ಆಸಿಡ್ಡಿನ ವಾಸನೆ ಕುಡಿಯುತ್ತ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೆವು, ಅಷ್ಟೇ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಎದುರಿಗೆ 'ರಿ' ಹಚ್ಚಿ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಯಾವತ್ತೂ ಏಕವಚನ. ಇಲ್ಲಿಯೂ ಅದನ್ನೇ ಇಡುತ್ತೇನೆ. ಈಗ ಬಹುವಚನ ಹಚ್ಚಿದರೆ ಲಂಚ ಕೊಟ್ಟ ಹಾಗಾಗುತ್ತದೆ.

ಶೆಡ್ಡು ಸೋಲಾಪುರದಿಂದ ಅಕ್ಕಲಕೋಟ ರೋಡ್ ಹಿಡಿದರೆ ಟಾವೆಲ್ ಕಾರ್ಖಾನೆಗಳೆಲ್ಲ ಮುಗಿದ ಮೇಲೆ, ಕುಂಭಾರಿಗಿಂತ ಸ್ವಲ್ಪ ಮೊದಲು. ಹೊರಗಿನಿಂದ ನೋಡಿದರೆ ಗ್ರಿಲ್ ಮಾಡುವ ಅಂಗಡಿ ಎಂದುಕೊಳ್ಳಬೇಕು. ಒಳಗೆ ನಾವು ಮಾಡುತ್ತಿದ್ದದ್ದು ಹಲ್ಲು ಬಿದ್ದವರ ದವಡೆಗೆ ಕೂರಿಸುವ ಟೈಟಾನಿಯಮ್ ಸ್ಕ್ರೂಗಳ ಮೈಯನ್ನು ಒರಟು ಮಾಡುವ ಕೆಲಸ. ಪುಣೆಯ ಕಂಪನಿಯೊಂದು ಕಡೆದ ಸ್ಕ್ರೂಗಳನ್ನು ಕಳಿಸುತ್ತಿತ್ತು, ನಾವು ಮೈ ಒರಟು ಮಾಡಿ ವಾಪಸ್ಸು ಕಳಿಸಬೇಕು. ಜನ ನಗುತ್ತಾರೆ. ಇಷ್ಟು ಚೆಂದ ಹೊಳೆಯುವುದನ್ನು ಯಾಕೆ ಕೆಡಿಸುತ್ತೀರಿ ಅಂತ ನನ್ನ ಅವ್ವನೇ ಕೇಳಿದ್ದಳು. ಎಲುಬು ನುಣುಪಾದ ಲೋಹವನ್ನು ಹಿಡಿಯುವುದಿಲ್ಲ. ಗಿಲಾವು ನಿಲ್ಲಬೇಕೆಂದರೆ ಗವಂಡಿ ಮೊದಲು ಗೋಡೆಗೆ ಕಚ್ಚು ಹಾಕುತ್ತಾನಲ್ಲ, ಹಾಗೆ. ಮೊದಲು ಸಣ್ಣ ಕಲ್ಲಿನ ಪುಡಿಯನ್ನು ಗಾಳಿಯ ಜೋರಿನಿಂದ ಹೊಡೆಯುವುದು, ಆಮೇಲೆ ಬಿಸಿ ಆಸಿಡ್ಡಿನಲ್ಲಿ ಅದ್ದುವುದು, ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ಬೆಚ್ಚನೆಯ ಕಪಾಟಿನಲ್ಲಿ ಒಣಗಿಸುವುದು. ಆಗ ಅದರ ಮೈ ತುಂಬ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ. ಎಲುಬು ಬೆಳೆದು ಬಂದು ಆ ತಗ್ಗುಗಳಲ್ಲಿ ಕೂತುಕೊಳ್ಳುತ್ತದೆ.

ಆದದ್ದು ಸರಿಯಾಯಿತೋ ಇಲ್ಲವೋ ನೋಡುವುದಕ್ಕೆ ಪುಣೆಯಲ್ಲಿ ದೊಡ್ಡ ಯಂತ್ರಗಳಿದ್ದವು. ನಮ್ಮ ಹತ್ತಿರ ಇದ್ದದ್ದು ಒಂದು ಹನಿ ನೀರು. ಪ್ರತಿ ಬ್ಯಾಚಿನ ಜೊತೆಗೆ ಅದೇ ಲೋಹದ ಒಂದು ಚಪ್ಪಟೆ ಬಿಲ್ಲೆಯನ್ನೂ ಹಾಕುತ್ತಿದ್ದೆವು. ಒಣಗಿದ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟರೆ, ಮೈ ಸ್ವಚ್ಛವಿದ್ದರೆ ಹನಿ ಕಣ್ಣು ಮಿಟುಕಿಸುವುದರೊಳಗೆ ತೆಳ್ಳಗೆ ಹರಡಿಬಿಡುತ್ತದೆ. ಎಲ್ಲಾದರೂ ಎಣ್ಣೆಯ ಅಂಶ, ಕೈಯ ಜಿಡ್ಡು, ಏನೇ ಇದ್ದರೂ ಹನಿ ಮಣಿಯ ಹಾಗೆ ಗುಂಡಗೆ ನಿಲ್ಲುತ್ತದೆ. ನೀರು ಹರಡದ ಕಡೆ ರಕ್ತವೂ ಸರಿಯಾಗಿ ಹರಡುವುದಿಲ್ಲ, ಎಲುಬು ಹತ್ತಿರ ಬರುವುದಕ್ಕೆ ಹಿಂದೆಮುಂದೆ ನೋಡುತ್ತದೆ. ಆಮೇಲೆ ಒಂದು ದಿನ ರೊಟ್ಟಿ ಕಡಿಯುವಾಗ ಹಲ್ಲು ಸ್ಕ್ರೂ ಸಮೇತ ಅಲುಗುತ್ತದೆ. ಆ ಹನಿಯನ್ನು ಬಿಟ್ಟು, ನೋಡಿ, ಸಹಿ ಮಾಡುವುದು ನನ್ನ ಕೆಲಸ. ನಾನು ಕೆಮಿಸ್ಟ್ರಿ ಓದಿದವಳು.

ಕಾಕಾ ನಾಲ್ಕನೆಯ ಇಯತ್ತೆ ಓದಿದವನು. ಆಸಿಡ್ ಅವನ ಕೆಲಸ. ಗಡಿಯಂಚಿನ ನಾಗಣಸೂರಿನವನು, ಹಿಂದೆ ಸೋಲಾಪುರದಲ್ಲಿ ಹಿತ್ತಾಳೆಗೆ ಮುಲಾಮು, ಅಂದರೆ ಹೊಳಪಿನ ಲೇಪ, ಹಾಕುವ ಕಡೆ ಇದ್ದವನು. ಅವರ ಮನೆತನ ಬಿರೋಬಾನ ಪೂಜಾರಿಕೆಯದು. ಸೊಂಟದಲ್ಲಿ ಸದಾ ಒಂದು ಹಳದಿ ಚೀಲ, ಅದರ ತುಂಬ ಭಂಡಾರ, ಅಂದರೆ ದೇವರ ಅರಿಸಿನ ಪುಡಿ. ಊರಿನಲ್ಲಿ ಮಗು ಹುಟ್ಟಿದರೂ, ಕುರಿ ಈದರೂ, ಯಾರಿಗಾದರೂ ಜ್ವರ ಬಂದರೂ ಅವನ ಬೆರಳಿನಿಂದಲೇ ಹಣೆಗೆ ಭಂಡಾರ ಹಚ್ಚಿಸಿಕೊಳ್ಳಬೇಕು. ಆಸಿಡ್ಡಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಗುಳ್ಳೆಗಳ ಸದ್ದು ಕೇಳಿ ಇನ್ನು ಸಾಕು ಎನ್ನುತ್ತಿದ್ದ. ಗಡಿಯಾರ ನೋಡಿ ನಾನು, ಇನ್ನೂ ಎರಡು ನಿಮಿಷ ಇದೆ ಎಂದರೆ ಎದುರಿಗೇ ನಗುತ್ತಿದ್ದ.

"ಪುಸ್ತಕದ ಬದನಿಕಾಯಿ ಪಲ್ಯಾ ಆಗಂಗಿಲ್ಲ, ಬಾಯಾರ," ಎನ್ನುತ್ತಿದ್ದ. ಅದೂ ಎಲ್ಲರಿಗೂ ಕೇಳುವ ಹಾಗೆ.

ಮತ್ತು ಅವನು ಹೇಳಿದ್ದೇ ಸರಿಯಾಗುತ್ತಿತ್ತು. ಇದಕ್ಕಿಂತ ಸಿಟ್ಟು ತರಿಸುವ ವಿಷಯ ಇನ್ನೊಂದಿಲ್ಲ. ಕಲಿಯೋಣ ಅಂತ ಒಮ್ಮೆ ಹತ್ತಿರ ಹೋಗಿ, ಸದ್ದಿನಲ್ಲಿ ಏನು ಕೇಳುತ್ತೀರಿ ಕಾಕಾ ಅಂತ ಕೇಳಿದೆ. "ಹೆಣ್ಣಮಕ್ಕಳಿಗಿ ಕುಕ್ಕರ್ ಸೀಟಿ ಕೇಳಿಸಿದ್ರ ಸಾಕು," ಎಂದ. ಆ ದಿನದಿಂದ ನಾನು ಅವನ ತಪ್ಪಿಗಾಗಿ ಕಾಯತೊಡಗಿದೆ. ಸುಳ್ಳೇಕೆ ಹೇಳಲಿ, ಕಾಯುತ್ತಿದ್ದೆ.

ಊರಿನಲ್ಲಿ ಅವನಿಗೆ ಈ ಕೆಲಸದಿಂದಲೇ ಬೇರೆ ತೂಕವಿತ್ತು. ದೇವರ ಸೇವೆ ಒಂದು, ಮಂದಿಯ ಎಲುಬಿನ ಸೇವೆ ಇನ್ನೊಂದು, ಎರಡೂ ನನ್ನ ಕೈಯಲ್ಲೇ ಇವೆ ಎಂದು ಚಹಾದ ಹೊತ್ತಿನಲ್ಲಿ ಹೇಳಿಕೊಳ್ಳುತ್ತಿದ್ದ. ಬಡಾಯಿ ಕೊಚ್ಚುತ್ತಾನೆ ಎಂದು ನಾನು ಆ ಕಡೆ ತಿರುಗಿ ಕೂರುತ್ತಿದ್ದೆ.

ಆ ವರ್ಷದ ಖಂಡೇ ನವಮಿ. ಶೆಡ್ಡಿನಲ್ಲಿ ಯಂತ್ರಗಳ ಪೂಜೆ, ಚೆಂಡು ಹೂವಿನ ಸರ, ತೆಂಗಿನಕಾಯಿ. ನಮ್ಮ ಮಾಲೀಕನ ಭಾವಮೈದುನನದು ಟಾವೆಲ್ ಕಾರ್ಖಾನೆ. ಪ್ರತಿ ವರ್ಷ ನಮಗೆಲ್ಲ ಒಂದು ಟೋಪಿ, ಒಂದು ಟಾವೆಲ್ ಆಹೇರಿ, ಅಂದರೆ ಉಡುಗೊರೆ. ಸೋಲಾಪುರದಲ್ಲಿ ಹುಟ್ಟಿದವರ ಮನೆಯಲ್ಲಿ ಅನ್ನವಿಲ್ಲದಿದ್ದರೂ ಆಹೇರಿಯ ಟಾವೆಲ್ಲಿನ ಗಂಟು ಇರುತ್ತದೆ. ಆ ಸಲ ಮಾಲೀಕ ಅಲ್ಲಿಂದ ಎರಡು ಗಂಟು ಹೆಚ್ಚಿಗೆ ತಂದಿದ್ದ. ಜೂಲಿಲ್ಲದ, ಚಪ್ಪಟೆ ನೇಯ್ಗೆಯ, ಬೆಳ್ಳಗಿನ ಟಾವೆಲ್ಲುಗಳು. ಎಳೆ ಬಿಡುತ್ತವೆಯೇ ಅಂತ ಕರಿ ಬಟ್ಟೆಯ ಮೇಲೆ ಉಜ್ಜಿ ನೋಡಿದೆ. ಒಂದು ಎಳೆಯೂ ಉದುರಲಿಲ್ಲ. ಆ ದಿನವೇ ಒಣಗಿಸುವ ಕಪಾಟಿನಲ್ಲಿ ಸ್ಕ್ರೂಗಳನ್ನಿಡುವ ಜಾಳಿಗೆಗಳ ಕೆಳಗೆ ಕಾಕಾ ಹಾಸುತ್ತಿದ್ದ ಹಳೆಯ ಬಟ್ಟೆಗಳನ್ನು ಕಿತ್ತು ಕಸಕ್ಕೆ ಹಾಕಿಸಿ, ಈ ಟಾವೆಲ್ಲುಗಳನ್ನು ಹಾಸಿದೆ. ಆ ಹಳೆಯವು ಅವನ ಹರಿದ ಧೋತರದ ತುಂಡುಗಳು. ಸೋಡಾ ಹಾಕಿ ಕುದಿಸಿ ಕುದಿಸಿ ಬೂದಿ ಬಣ್ಣಕ್ಕೆ ತಿರುಗಿದ್ದವು. ನೋಡಿದರೆ ಹೇಸಿಗೆ ಬರುತ್ತಿತ್ತು.

"ನನ್ನ ಅರಿಬಿ ಯಾಕ ಒಗದ್ರಿ?" ಎಂದು ಬಂದ.

"ಹೊಲಸ ಆಗಿದ್ದುವ್ರಿ, ಕಾಕಾ. ನಾಳಿಗಿ ಪುಣೇದವ್ರು ಬಂದು ನೋಡಿದ್ರ ನಮ್ಮ ಮುಖಕ್ಕ ಉಗಳತಾರ."

"ಅರಿಬಿ ಹೊಲಸ ಇದ್ದಿದ್ದಿಲ್ಲ. ನಿಮ್ಮ ಕಣ್ಣ ಹೊಲಸ ಅದಾವ."

ನಾನೂ ಬಿಡಲಿಲ್ಲ. ಭಂಡಾರವನ್ನು ತೊಳೆಯುವ ಕೋಣೆಯೊಳಗೆ ತರಬೇಡಿ, ನಿಮ್ಮ ದೇವರು ಹೊಸ್ತಿಲ ಹೊರಗೇ ನಿಲ್ಲಲಿ ಎಂದೆ. ಅವನು ಹುಬ್ಬು ಗಂಟು ಹಾಕಿ, ಹೊರಗೇ ಇಡತೀನಿ ತಗೋರಿ ಎಂದ. ಇಡಲಿಲ್ಲ. ಎಲ್ಲರೂ ಪ್ರಸಾದ ತಿನ್ನುತ್ತಿದ್ದಾಗ ಒಳಗೆ ಹೋಗಿ ಕಪಾಟಿನ ಹಿಡಿಕೆಗೆ ಒಂದು ಚಿಟಿಕೆ, ಪ್ರತಿ ಜಾಳಿಗೆಯ ಕೊಕ್ಕೆಗೆ ಒಂದೊಂದು ಬೊಟ್ಟು ಹಚ್ಚಿ ಬಂದಿದ್ದ. ಆಸಿಡ್ಡಿನ ತೊಟ್ಟಿಗೆ ಪೂಜೆ ಮಾಡಿ, ಒಣಗಿಸುವ ಕಪಾಟನ್ನು ಬಿಟ್ಟರೆ ಅದಕ್ಕೆ ಸಿಟ್ಟು ಬರುತ್ತದಂತೆ.

ದಸರೆ ಕಳೆದು ಮೊದಲ ಬ್ಯಾಚು ತೆಗೆದೆವು. ಬಿಲ್ಲೆಯ ಮೇಲೆ ಹನಿ ಬಿಟ್ಟೆ. ಗುಂಡಗೆ ನಿಂತಿತು. ಇನ್ನೊಂದು ಹನಿ. ಅದೂ ನಿಂತಿತು. ಇಡೀ ಬ್ಯಾಚು ಹೋಯಿತು ಅಂದರೆ ಪುಣೆಗೆ ಉತ್ತರ ಕೊಡುವವಳು ನಾನು. ಜಾಳಿಗೆ ಎತ್ತಿ ನೋಡಿದರೆ ಕೊಕ್ಕೆಯ ಮೇಲೆ ಹಳದಿ ಬೆರಳಿನ ಗುರುತು. ಆ ಹಳದಿ ಕಂಡಾಗ ನನಗೆ ಮೊದಲು ಆದದ್ದು ಸಿಟ್ಟಲ್ಲ, ಖುಷಿ. ಸಿಕ್ಕಿಬಿದ್ದೆಯಾ ಮಗನೇ ಎಂದುಕೊಂಡೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಕಾಗೆ ಮೇಲೆ ದ್ವೇಷವಿದ್ದವರಿಗೆ ಆ ಗಾದೆ ನೆನಪಾಗುವುದಿಲ್ಲ.

ಮಾಲೀಕನನ್ನು ಕರೆಸಿದೆ. ಕಾಕಾ ತಪ್ಪೊಪ್ಪಿಕೊಳ್ಳಲಿಲ್ಲ. ಹಚ್ಚಿದ್ದು ಹೌದು, ಆದರೆ ಕೆಟ್ಟದ್ದು ಅದರಿಂದಲ್ಲ ಎಂದು ನಿಂತ.

"ಬಿರೋಬಾನ ಭಂಡಾರಾ ಯಾರಿಗೂ ಕೆಟ್ಟದ್ದ ಮಾಡಂಗಿಲ್ರಿ ಸಾಹೇಬ್. ಹುಟ್ಟಿದ ಕೂಸಿನ ಹಣಿಗಿ ಹಚ್ಚತೀವಿ ನಾವು. ಬೇಕಾದ್ರ ಭಂಡಾರಾ ಎತ್ತಿ ಆಣಿ ಮಾಡತೀನಿ."

ಮಾಲೀಕ ಒಂದು ಕ್ಷಣ ಹಿಂಜರಿದ. ಅವರ ಮನೆಯ ಮದುವೆಗಳಿಗೂ ಕಾಕಾ ಬಂದು ಭಂಡಾರ ಹಚ್ಚಿದವನೇ. ಹಿಂಜರಿದದ್ದು ಕಂಡು ನನಗೆ ಬೆಂಕಿ ಹತ್ತಿತು. ಆಣೆಗೀಣೆ ಬೇಡ, ಕಣ್ಣಿಗೇ ತೋರಿಸುತ್ತೇನೆ ಎಂದೆ.

ಎಲ್ಲರನ್ನೂ ಕರೆದೆ. ಶುದ್ಧ ನೀರಿನಲ್ಲಿ ಮುಳುಗಿಸಿಟ್ಟಿದ್ದ ಹಿಂದಿನ ಬ್ಯಾಚಿನ ಒಳ್ಳೆಯ ಬಿಲ್ಲೆಯನ್ನು ತೆಗೆದು ಒಣಗಿಸಿ ಹನಿ ಬಿಟ್ಟೆ. ಹರಡಿತು. "ನೋಡ್ರಿ, ಎಲ್ಲಾರೂ ನೋಡ್ರಿ." ಆಮೇಲೆ ಕಾಕಾನ ಕಡೆ ಕೈ ಚಾಚಿದೆ. "ಚೂರ ಭಂಡಾರಾ ಕೊಡ್ರಿ."

ಅವನು ಚೀಲದ ಬಾಯಿ ಬಿಚ್ಚಿ ಒಂದು ಚಿಟಿಕೆ ತೆಗೆದು, ಎಡಗೈಯನ್ನು ಬಲ ಮೊಣಕೈಗೆ ಹಚ್ಚಿ, ಭಕ್ತರಿಗೆ ಕೊಡುವ ಹಾಗೆ ಕೊಟ್ಟ. ಅವನಿಗೆ ಬೇರೆ ಥರ ಕೊಡುವುದು ಗೊತ್ತಿರಲಿಲ್ಲ. ನಾನು ಅದನ್ನು ಬಿಲ್ಲೆಗೆ ತಿಕ್ಕಿದೆ, ನೀರಿನಲ್ಲಿ ತೊಳೆದೆ, ಒಣಗಿಸಿದೆ, ಹನಿ ಬಿಟ್ಟೆ. ಗುಂಡಗೆ ನಿಂತಿತು, ಹಳದಿ ಕಲೆಯ ಮೇಲೆ. ಅರಿಸಿನದಲ್ಲಿ ಎಣ್ಣೆಯ ಅಂಶವಿರುತ್ತದೆ, ನಿಲ್ಲದೆ ಏನು ಮಾಡುತ್ತದೆ. ಪ್ರಯೋಗ ನೂರಕ್ಕೆ ನೂರು ಖರೆ. ಆರು ವರ್ಷದಲ್ಲಿ ಮೊದಲ ಸಲ ಅವನು ನನ್ನ ಕೈಯಲ್ಲಿದ್ದದ್ದನ್ನು ಬಗ್ಗಿ ನೋಡಿದ.

"ಇದು ಮಂದಿ ಎಲಬಿನಾಗ ಹೋಗತಿತ್ತೇನ್ರಿ?" ಎಂದು ಕೇಳಿದ. ದನಿ ಬೇರೆಯಾಗಿತ್ತು.

"ಹೋಗತಿತ್ತು."

"ಎಲಬ ಹಿಡೀತಿದ್ದಿಲ್ಲೇನು?"

"ಎಲ್ಲೀದು ಹಿಡೀತದ್ರಿ, ಕಾಕಾ? ಬಾಯಿ ತುಂಬ ಕೀವ ಆಗತಿತ್ತು."

ಕೀವಿನ ಮಾತು ನಾನು ಸೇರಿಸಿದ್ದು. ಬೇಕಾಗಿರಲಿಲ್ಲ. ಅವನು ರಬ್ಬರಿನ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ, ಕೈಗವಸುಗಳನ್ನು ತೊಳೆದು ಕವುಚಿಟ್ಟ, ಚಪ್ಪಲಿ ಮೆಟ್ಟಿ ಹೊರಟುಹೋದ. ಮಾಲೀಕ ಹಿಂದಿನಿಂದ, ನಾಳೆಯಿಂದ ಬರಬೇಡ ಎಂದು ಮರಾಠಿಯಲ್ಲಿ ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಪುಣೆಗೆ ವರದಿ ನಾನೇ ಬರೆದೆ. ಕಾರಣ: ಕೆಲಸಗಾರನು ನಿಷೇಧಿಸಿದ್ದ ಧಾರ್ಮಿಕ ಪುಡಿಯನ್ನು ಒಳಗೆ ತಂದದ್ದು. ಕ್ರಮ: ಆ ಕೆಲಸಗಾರನನ್ನು ತೆಗೆದುಹಾಕಲಾಗಿದೆ. ಕೆಳಗೆ ನನ್ನ ಸಹಿ. ಎಷ್ಟು ಚೆಂದದ ಇಂಗ್ಲಿಷಿನಲ್ಲಿ ಬರೆದಿದ್ದೆ ಅಂದರೆ ಮಾಲೀಕ ಎರಡು ಸಲ ಓದಿಸಿಕೊಂಡ.

ಮುಂದಿನ ಬ್ಯಾಚಿನಲ್ಲೂ ಹನಿ ಹರಡಲಿಲ್ಲ. ಕಪಾಟಿನಲ್ಲಿ ಭಂಡಾರ ಉಳಿದಿರಬೇಕೆಂದು ಮೂಲೆಮೂಲೆ ಉಜ್ಜಿಸಿದೆ. ಅದರ ಮುಂದಿನದರಲ್ಲೂ ಹರಡಲಿಲ್ಲ. ಮಾಲೀಕ ನನ್ನ ಮುಖ ನೋಡತೊಡಗಿದ. ಹೋದವನು ಏನೋ ಮಾಟ ಮಾಡಿ ಹೋಗಿದ್ದಾನೆ ಎಂದು ಕಲ್ಲಿನ ಪುಡಿ ಹೊಡೆಯುವವನು ಪಿಸುಗುಟ್ಟಿದ. ಬಾಯಿ ಮುಚ್ಚು ಎಂದು ಬೈದೆ. ಬೈದೆ ನಿಜ, ಆದರೆ ಒಂದು ಗಳಿಗೆ ನನಗೂ ಹಾಗೇ ಅನಿಸಿತ್ತು.

ಸೀಗೆ ಹುಣ್ಣಿಮೆಯ ಬೆಳಿಗ್ಗೆ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು ಬಂದೆ. ಕೈಗೆ ಸಿಕ್ಕ ಟಾವೆಲ್ ತೆಗೆದುಕೊಂಡು ಕೂದಲು ಒರೆಸಿಕೊಳ್ಳುತ್ತಿದ್ದೆ. ಎಷ್ಟು ಒರೆಸಿದರೂ ನೀರು ಬೆನ್ನಿಗೆ ಇಳಿಯುತ್ತಲೇ ಇತ್ತು. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಅಯ್ಯ, ಹುಚ್ಚಿ! ಆಹೇರಿ ಟಾವೆಲ್ ಹಂಗ ತಗೊಂಡೀದಿ? ಹೊಸಾ ಟಾವೆಲ್ಲಿಗಿ ನೀರ ಹಿಡೀತದೇನ? ನಾಕ ಸಲಾ ಬಿಸಿ ನೀರಾಗ ಒಗದು ಅದರ ಮ್ಯಾಲಿನ ನುಣುಪ ತೆಗೀಬೇಕು. ಸೋಲಾಪುರದಾಗ ಹುಟ್ಟಿ ಇಷ್ಟೂ ತಿಳೀಲಿಲ್ಲಲ್ಲ ನಿನಗ."

ತಿಳಿಯದೇ ಏನು. ಈ ಊರಿನ ಕೂಸಿಗೂ ತಿಳಿದ ಮಾತು ಅದು. ಕಾರ್ಖಾನೆಯಲ್ಲಿ ಕಡೆಗೆ ಟಾವೆಲ್ಲನ್ನು ಮೆತ್ತಗಾಗುವ ಮದ್ದಿನಲ್ಲಿ ಅದ್ದಿ ತೆಗೆಯುತ್ತಾರೆ, ಅಂಗಡಿಯಲ್ಲಿ ಮುಟ್ಟಿದವರ ಕೈಗೆ ಬೆಣ್ಣೆಯ ಹಾಗೆ ಹತ್ತಲಿ ಅಂತ. ಆ ಮದ್ದು ಹೋಗುವವರೆಗೆ ನೀರು ಮೇಲೆಯೇ ನಿಲ್ಲುತ್ತದೆ. ನನ್ನ ಕೈಯಲ್ಲಿದ್ದ ಟಾವೆಲ್ ನೋಡಿದೆ. ಬಟ್ಟೆಯ ಮೇಲೆ ಹನಿಗಳು ಗುಂಡಗೆ, ಸಾಲಾಗಿ ನಿಂತಿದ್ದವು. ನಾನು ಅಲ್ಲೇ ಪಡಸಾಲೆಯಲ್ಲಿ ಒದ್ದೆ ಕೂದಲಲ್ಲೇ ಕೂತುಬಿಟ್ಟೆ. ಹಬ್ಬದ ದಿನ ಹಂಗ್ಯಾಕ ಕುಂತೀದಿ ಎಂದು ಅವ್ವ ಬೈದಳು.

ಅಪ್ಪನ ಹಳೆಯ ಧೋತರವನ್ನು ಹರಿದು ಸೋಡಾ ಹಾಕಿ ಮೂರು ಸಲ ಕುದಿಸಿದೆ. ಮರುದಿನ ಯಾರಿಗೂ ಹೇಳದೆ ಟಾವೆಲ್ಲುಗಳನ್ನು ತೆಗೆದು ಅದನ್ನು ಹಾಸಿದೆ. ಹನಿ ಹರಡಿತು. ಖಾತ್ರಿಗಾಗಿ ಒಂದು ಒಳ್ಳೆಯ ಬಿಲ್ಲೆಯನ್ನು ಹೊಸ ಟಾವೆಲ್ಲಿನ ಮೇಲಿಟ್ಟು ಕಪಾಟಿನ ಬಿಸಿಯಲ್ಲಿ ಬಿಟ್ಟೆ. ಹನಿ ಗುಂಡಗೆ ನಿಂತಿತು. ಬೆಚ್ಚಗಾದಾಗ ಆ ಮದ್ದು ಎದ್ದು ಬಂದು ಲೋಹಕ್ಕೆ ಕೂರುತ್ತಿತ್ತು. ಕೊಕ್ಕೆಯ ಮೇಲಿದ್ದ ಭಂಡಾರ ಸ್ಕ್ರೂಗಳ ಹತ್ತಿರಕ್ಕೂ ಬಂದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಮಾಲೀಕ ಕುಣಿದಾಡಿದ. "ನೋಡಿದ್ರ್ಯಾ ಮ್ಯಾಡಂ? ಅಂವಾ ಹೋದ, ಪೀಡಾ ಹೋತು! ನೀವು ಅಗದೀ ಬರೋಬರ್ ಹಿಡದಿದ್ರಿ." ನಾನು ತಪ್ಪು ತಿದ್ದಿದ್ದೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂತ ಕೇಳಿದರೆ ಹೆದರಿಕೆ ಎಂದು ಹೇಳುವುದು ಸುಲಭ. ಹೆದರಿಕೆಯೂ ಇತ್ತು. ವರದಿಯಲ್ಲಿ ನನ್ನ ಸಹಿ ಇದೆ, ಟಾವೆಲ್ ಹಾಸಿದ್ದು ನಾನು, ನನ್ನ ಕೆಲಸ ಹೋಗುತ್ತದೆ. ಆದರೆ ಅದೊಂದೇ ಅಲ್ಲ. ಅವನಿಲ್ಲದ ಶೆಡ್ಡು ನನಗೆ ಹಿತವಾಗಿತ್ತು. ಬದನೆಕಾಯಿಯ ಮಾತಿಲ್ಲ, ಕುಕ್ಕರಿನ ಮಾತಿಲ್ಲ, ಗಡಿಯಾರ ನೋಡಿ ನಾನು ಹೇಳಿದ್ದೇ ಆಗುತ್ತಿತ್ತು. ನನ್ನ ಪ್ರಯೋಗವಂತೂ ಸುಳ್ಳಲ್ಲ, ಭಂಡಾರ ತಾಗಿದ್ದರೆ ಕೆಡುತ್ತಲೇ ಇತ್ತು, ಹೇಳಿದ್ದು ಕೇಳದೆ ಹಚ್ಚಿದ್ದು ಅವನ ತಪ್ಪೇ, ಊರಿನಲ್ಲಿ ಅವನಿಗೆ ಕುರಿಗಳಿವೆ, ದೇವರ ಸೇವೆ ಇದೆ, ಮಹಾ ಏನು ಮುಳುಗಿಹೋಗುತ್ತದೆ. ದಿನಾ ಬಸ್ಸಿನಲ್ಲಿ ಕೂತು ಇದನ್ನೇ ಜಪಿಸುತ್ತಿದ್ದೆ. ಆಮೇಲೆ ಎಲ್ಲ ಆಯಿತು, ವರದಿ ತಿದ್ದಿ ಬರೆದೆ, ಆ ಶೆಡ್ಡನ್ನೂ ಬಿಟ್ಟೆ. ಅದನ್ನು ದೊಡ್ಡದಾಗಿ ಹೇಳಿಕೊಂಡು ಪುಣ್ಯ ಕಟ್ಟಿಕೊಳ್ಳುವ ಆಸೆ ನನಗಿಲ್ಲ. ಅದಕ್ಕೂ ಮೊದಲಿನ ಒಂದು ದಿನವನ್ನು ಹೇಳಬೇಕು.

ದೀಪಾವಳಿ ಕಳೆಯಿತು, ಚಂಪಾ ಷಷ್ಠಿಯೂ ಕಳೆಯಿತು. ಅವನ ಜಾಗಕ್ಕೆ ಬಂದವನು ಆಸಿಡ್ಡಿನಲ್ಲಿ ಒಮ್ಮೆ ಹೆಚ್ಚು ಬಿಟ್ಟು, ಒಮ್ಮೆ ಕಡಿಮೆ ಬಿಟ್ಟು, ಸ್ಕ್ರೂಗಳ ಹಲ್ಲುಗಳನ್ನೇ ತಿಂದು ಹಾಕಿದ. ನನ್ನ ಗಡಿಯಾರ ಉಪಯೋಗಕ್ಕೆ ಬರಲಿಲ್ಲ. ಆಸಿಡ್ ದಿನದಿಂದ ದಿನಕ್ಕೆ ಹಳತಾಗುತ್ತದೆ, ಅದರ ಸದ್ದು ಬದಲಾಗುತ್ತದೆ, ಗಡಿಯಾರಕ್ಕೆ ಅದು ಹೇಗೆ ತಿಳಿಯಬೇಕು. ಒಂದು ದಿನ ಮಾಲೀಕ ನನ್ನನ್ನು ಕರೆದ.

"ನಾಗಣಸೂರಿಗಿ ಹೋಗಿ ಕಾಕಾನ್ನ ಕರಕೊಂಡ ಬರ್ರಿ. ಮಾಫ್ ಮಾಡೀವಿ ಅಂತ ಹೇಳ್ರಿ. ಕೈಯಾಗೊಂದು ಟಾವೆಲ್ ಒಯ್ರಿ, ಮಾನ ಮಾಡಿದಂಗ ಆಗತದ."

ಮಾಫ್! ನಾನು ಹೋಗಿ ಅವನನ್ನು ಕ್ಷಮಿಸಿ ಬರಬೇಕಂತೆ. ಅದೂ ಟಾವೆಲ್ ಕೊಟ್ಟು. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗ ಆ ಟಾವೆಲ್ಲನ್ನು ಬೆಂಚಿನ ಮೇಲೆ ಬಿಟ್ಟೆ. ಮುಂದಿನ ದಾರಿಯಲ್ಲಿ, ನಿಜ ಹೇಳಬೇಕು ಎಂದು ಒಂದು ಮೈಲಿ, ಸುಮ್ಮನೆ ಕರೆದುಕೊಂಡು ಬಂದರೆ ಸಾಕು ಎಂದು ಇನ್ನೊಂದು ಮೈಲಿ ಅಂದುಕೊಂಡು ಹೋದೆ.

ಮನೆಯನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ ಎಂದುಕೊಂಡಿದ್ದೆ. ಹಾಗೇ ತೋರಿಸಿದರು. ಕಾಕಾ ಅಂಗಳದ ಕಟ್ಟೆಯ ಮೇಲೆ ಕೂತು ಒಂದು ಕುರಿಯ ಗೊರಸು ಕೆತ್ತುತ್ತಿದ್ದ. ನನ್ನನ್ನು ನೋಡಿದ, ಬಾ ಎನ್ನಲಿಲ್ಲ. ಅವನ ಹೆಂಡತಿ ಹೊರಗೆ ಬಂದು, ಸೋಲಾಪುರದ ಬಾಯಾರು ಎಂದು ಗುರುತು ಹಿಡಿದು, "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿದಳು. ದನಿಯಲ್ಲಿ ಬೆಲ್ಲವೇನೂ ಇರಲಿಲ್ಲ.

ನಾನು ಮೊದಲು ಮಾಲೀಕನ ಮಾತನ್ನೇ ಹೇಳಿದೆ. ಹೇಡಿ ನಾನು. "ಸಾಹೇಬ್ರು ಕಳಿಸ್ಯಾರ್ರಿ. ಹಳೇದು ಮರೀರಿ ಅಂದಾರ. ಕೆಲಸಕ್ಕ ಬರಬೇಕಂತ್ರಿ."

ಅವನು ಗೊರಸು ಕೆತ್ತುವುದನ್ನು ನಿಲ್ಲಿಸಲಿಲ್ಲ. "ನಾ ಬರಂಗಿಲ್ರಿ. ಮಂದಿ ಎಲಬಿನಾಗ ಹೊಲಸ ಹಾಕಿದ ಕೈ ಇದು. ಇನ್ನೊಮ್ಮೆ ಆ ಕೆಲಸ ಮುಟ್ಟಂಗಿಲ್ಲ."

"ಕೆಲಸ ಒಂದ ಅಲ್ರಿ," ಎಂದಳು ಹೆಂಡತಿ. ಅವಳ ಬಾಯಿ ಕಟ್ಟೆಯೊಡೆದ ಹಾಗೆ ಹರಿಯಿತು. "ದೇವರ ಚೀಲಾನೂ ಇಳಿಸ್ಯಾರ. ತಮ್ಮಗ ಕೊಟ್ಟಾರ. ಮಂದಿ ಬಂದು ಭಂಡಾರಾ ಹಚ್ಚರಿ ಅಂದ್ರ ಒಳಗ ಹೋಗಿ ಕುಂದ್ರತಾರ. ನಮ್ಮ ಮನಿತನದಾಗ ಒಮ್ಮೆ ಇಳಿಸಿದ್ರ ಮತ್ತ ಹೊರೂದಿಲ್ರಿ. ಹೊರಿಸಾಕ ಮಂದೀನೂ ಬಿಡೂದಿಲ್ಲ. ಏನ ತೋರಿಸಿ ಕಳಿಸಿದ್ರಿ ನೀವು ಇವರಿಗಿ?"

ಆಗ ಅವನ ಸೊಂಟ ನೋಡಿದೆ. ಹಣೆ ನೋಡಿದೆ. ಎರಡೂ ಬರಿದಾಗಿದ್ದವು. ನಾನು ಅವನ ಕೆಲಸ ಕಿತ್ತುಕೊಂಡೆ ಎಂದಷ್ಟೇ ಲೆಕ್ಕ ಹಾಕಿದ್ದೆ.

"ಕಣ್ಣೀಲೆ ಕಂಡೀನಲ್ಲ," ಎಂದ ಕಾಕಾ ಹೆಂಡತಿಗೆ. ಅವಳಿಗೆ ನೂರು ಸಲ ಹೇಳಿದ ಮಾತಿನ ಹಾಗೆ ಹೇಳಿದ. "ನೀರ ನಿಲ್ಲೂದು ಕಂಡೀನಿ. ಭಂಡಾರಾ ಮಂದಿಗಿ ಕೆಡಕ ಮಾಡತೈತಿ ಅಂದ ಮ್ಯಾಲ ನಾ ಯಾವ ಕೈಲೆ ಕೂಸಿನ ಹಣಿಗಿ ಹಚ್ಚಲಿ? ಬಾಯಾರು ಸುಳ್ಳ ಹೇಳಿಲ್ಲ. ನಾ ಎಷ್ಟ ಜಗಳಾ ಮಾಡಿದ್ರೂ ಅವ್ರ ಲೆಕ್ಕ ತಪ್ಪಿದ್ದು ನಾ ನೋಡಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆರು ವರ್ಷ ಆ ಒಂದು ಮಾತಿಗಾಗಿ ಜಗಳವಾಡಿದ್ದೆ, ಅದನ್ನು ಅವನು ಆ ದಿನ ಅಲ್ಲಿ ಕೂತು ಕೊಟ್ಟ. ಹೇಳಿಬಿಟ್ಟೆ. ಟಾವೆಲ್ ಹಾಸಿದ್ದು, ಆಮೇಲಿನ ಬ್ಯಾಚುಗಳು ಕೆಟ್ಟದ್ದು, ಅವ್ವನ ಬೈಗುಳ, ಧೋತರ, ಎಲ್ಲ. ಭಂಡಾರ ಅವತ್ತು ಒಂದು ಸ್ಕ್ರೂವನ್ನೂ ಕೆಡಿಸಿರಲಿಲ್ಲ ಎಂದೆ. ನಾನು ತೋರಿಸಿದ್ದು ಖರೆ, ಹೇಳಿದ್ದು ಸುಳ್ಳು ಎಂದೆ. ತಪ್ಪಾಯಿತು ಎನ್ನುವುದಕ್ಕೆ ಬಾಯಿ ತೆರೆದೆ.

"ಮುಚ್ಚರಿ ಬಾಯಿ," ಎಂದ.

ಕುರಿಯನ್ನು ಬಿಟ್ಟ. ಅದು ಕುಂಟುತ್ತ ಗೋಡೆಯ ಕಡೆ ಹೋಯಿತು. ಅವನು ಚಾಕುವನ್ನು ಕಟ್ಟೆಯ ಮೇಲಿಟ್ಟ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವನು ನನ್ನ ಮುಖ ನೋಡಿ ಕೇಳಿದ.

"ಟಾವೆಲ್ಲಿಂದ ಆಗೈತಿ ಅಂತ ನಿಮಗ ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಹೋದ ವಾರ ಎನ್ನಬಹುದಿತ್ತು. "ಸೀಗಿ ಹುಣ್ಣಿಮಿ ದಿನಾ," ಎಂದೆ.

ಅವನು ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಎಣಿಸಿದ. ಕೊನೆಯ ಗೆಣ್ಣಿಗೆ ಬಂದು ಕೈ ನಿಲ್ಲಿಸಿದ.

"ನಾ ಚೀಲಾ ಇಳಿಸಿದ್ದು ದೀವಳಿಗಿ ಅಮಾಸಿಗಿ," ಎಂದ. "ಅಲ್ಲೀ ಮಟಾ ಇಳಿಸಿದ್ದಿಲ್ಲ. ಇದೇ ಕಟ್ಟಿ ಮ್ಯಾಲ ಕುಂತ ದಿನಾ ಹಾದಿ ನೋಡೀನಿ. ಯಾರರ ಒಬ್ಬರು ಬಂದು, ಕಾಕಾ, ನಿನ್ನ ದೇವರದ್ದ ತಪ್ಪ ಅಲ್ಲ ಅಂತಾರೇನು ಅಂತ. ನಿಮಗ ಗೊತ್ತಾದ ಮ್ಯಾಲೂ ಹದಿನೈದ ದಿನಾ, ಬಾಯಾರ. ಬಸ್ ಬರತಿತ್ತು, ಮಂದಿ ಇಳೀತಿದ್ರು, ನೀವ ಇಳೀಲಿಲ್ಲ."